ಡಿಯರ್ ಕ್ರೀಕಿನಿಂದ ಫೋನು ಮಾಡುತ್ತಿದ್ದವನು

ವರ್ಲನ್ ಟಿಡ್ವೆಲ್ ಕಂಡಂತೆ ಲಾರ್ಕಿನ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹನ್ನೊಂದು ಜನ ಕೋಚುಗಳು ಬಂದು ಹೋಗಿದ್ದರು. ಹನ್ನೊಂದು ಜನರನ್ನೂ ಅವನು ಪಕ್ಷಪಾತವಿಲ್ಲದೆ ಬೈದಿದ್ದ. ಅಲಬಾಮಾದ ಆ ಪುಟ್ಟ ಊರಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಎಲ್ಲರೂ ಕೋಚನ್ನು ಬೈಯುವವರೇ, ಆದರೆ ವರ್ಲನ್ ಬೈದರೆ ಅದಕ್ಕೊಂದು ತೂಕವಿತ್ತು. ಮೂವತ್ತೆಂಟು ವರ್ಷ ದಿನಸಿ ಅಂಗಡಿಯ ಮಾಂಸದ ಕಟ್ಟೆಯ ಹಿಂದೆ ನಿಂತು ಕೆಲಸ ಮಾಡಿದವನು. ಗಿರಾಕಿ ಬಂದು ಹಂದಿಯ ಪಕ್ಕೆಲುಬು ಕೇಳಿದರೆ, ಕತ್ತಿ ಎತ್ತುವ ಮೊದಲು ಶನಿವಾರದ ಆಟದ ಬಗ್ಗೆ ನಾಲ್ಕು ಮಾತು ಆಗಲೇಬೇಕು. ಅವಸರವಿದ್ದವರು ಬೇರೆ ಅಂಗಡಿಗೆ ಹೋಗುತ್ತಿದ್ದರು. ಅಂಥವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಅವನ ಸಿದ್ಧಾಂತ ಒಂದೇ. ಅಲ್ಲಿಯ ಫುಟ್‌ಬಾಲಿನಲ್ಲಿ ಚೆಂಡು ಹಿಡಿದ ತಂಡ ಹತ್ತು ಗಜ ಮುಂದೆ ಹೋಗಬೇಕು, ಅದಕ್ಕೆ ನಾಲ್ಕು ಅವಕಾಶ. ಮೂರು ಮುಗಿದರೂ ಹತ್ತು ಗಜ ತುಂಬದಿದ್ದರೆ, ಎಚ್ಚರದ ಕೋಚ್ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದೆಸಿ ಎದುರಾಳಿಗೆ ಒಪ್ಪಿಸುತ್ತಾನೆ. ಒದೆಯದೆ ನುಗ್ಗಿ, ಅದೂ ಸಾಲದೆ ಹೋದರೆ ಚೆಂಡು ನಿಂತಲ್ಲೇ ಎದುರಾಳಿಯ ಕೈಸೇರುತ್ತದೆ. ಒಂದೇ ಗಜ ಬಾಕಿಯಿರುವಾಗ ಒದೆಸುವ ಕೋಚಿಗೆ ಎದೆ ಎಂಬುದೇ ಇಲ್ಲ ಎಂದು ವರ್ಲನ್ ನಲವತ್ತು ವರ್ಷದಿಂದ ಸಾರುತ್ತ ಬಂದಿದ್ದ. ಕ್ರೀಡಾಂಗಣದ ಹದಿನೇಳನೆಯ ಸಾಲಿನಲ್ಲಿ ನಿಂತು "ನುಗ್ರೋ" ಎಂದು ಅವನು ಕಿರುಚುವಾಗ, ಪಕ್ಕದಲ್ಲಿ ಕೂತ ಮಗ ಕ್ಲೇ ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದ. ಬೇರೆ ಮಕ್ಕಳು ಜೋಗುಳ ಕೇಳಿ ಬೆಳೆದರೆ ಇವನು ಕೋಚುಗಳ ಬೈಗುಳ ಕೇಳಿ ಬೆಳೆದ.

ಆಮೇಲೆ ಆಗಬಾರದ್ದು ಆಯಿತು. ಮೂರು ರಾಜ್ಯ ಸುತ್ತಿ ಕೆಲಸ ಕಲಿತ ಕ್ಲೇ, ಮೂವತ್ತೆಂಟರ ವಯಸ್ಸಿನಲ್ಲಿ ಲಾರ್ಕಿನ್ ತಂಡದ ಹನ್ನೆರಡನೆಯ ಕೋಚಾಗಿ ಊರಿಗೆ ಬಂದ.

ಅಪ್ಪನಿಗೆ ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮೊದಲ ಸೋಲಿನ ನಂತರದ ಸೋಮವಾರ ಅವನು ಎಂದಿನಂತೆ ಬೆಳಗಿನ ಕಾಫಿಗೆ ಹೋಟೆಲಿಗೆ ಹೋದಾಗ, ಬಾಗಿಲಾಚೆಗೂ ಕೇಳುತ್ತಿದ್ದ ಗದ್ದಲ ಅವನ ಟೋಪಿ ಕಂಡದ್ದೇ ತಣ್ಣಗಾಯಿತು. ನಲವತ್ತು ವರ್ಷ ಅವನ ಎದುರು ಕೂತು ಜಗಳವಾಡಿದ ಹೋಯ್ಟ್, ಗೊಬ್ಬರದ ಅಂಗಡಿಯವನು, ಮುಖ ತಗ್ಗಿಸಿ ಜೋಳದ ನುಚ್ಚಿನ ಗಂಜಿ ಕಲಕಿದ.

"ಮಳೆ ಬರೋ ಹಾಗಿದೆ, ವರ್ಲನ್."

"ಮಳೆ ಮನೆ ಹಾಳಾಗ್ಲಿ. ನೀವೆಲ್ಲ ಏನೋ ಮಾತಾಡ್ತಿದ್ರಲ್ಲ."

"ಏನಿಲ್ಲಪ್ಪ. ಟ್ರ್ಯಾಕ್ಟರ್ ವಿಷ್ಯ."

ಅವರು ಮರ್ಯಾದಸ್ಥರು, ಅದೇ ಅವನಿಗೆ ಕಂಟಕವಾಯಿತು. ಮಗನನ್ನು ಅಪ್ಪನೆದುರು ಬೈಯಲು ಯಾರಿಗೂ ಬಾಯಿ ಬರಲಿಲ್ಲ. ಕ್ಲೇ ಒಂದು ಗಜ ಬಾಕಿಯಿದ್ದಾಗ ಎರಡೆರಡು ಸಲ ಒದೆಸಿದ್ದ. ವರ್ಲನ್‌ಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಅದನ್ನು ಕಾರಿಕೊಳ್ಳಲು ಜಾಗವಿರಲಿಲ್ಲ.

ಮಗನಿಗೇ ಹೇಳಬಹುದಿತ್ತಲ್ಲ ಎಂದರೆ, ಅದಕ್ಕೊಂದು ಹಳೆಯ ತಡೆಯಿತ್ತು. ಕ್ಲೇ ಹದಿನಾರರಲ್ಲಿ ಶಾಲೆಯ ತಂಡಕ್ಕೆ ಆಡುತ್ತಿದ್ದಾಗ, ಒಂದು ಸೋಲಿನ ನಂತರ ವರ್ಲನ್ ಪಿಕಪ್ ಗಾಡಿ ಓಡಿಸುತ್ತ ಮೂವತ್ತು ಮೈಲಿಯುದ್ದಕ್ಕೂ ಹುಡುಗನನ್ನು ಉಗಿದಿದ್ದ. ಊರ ಹೊರಗಿನ ಕೂಡುರಸ್ತೆಯಲ್ಲಿ ಗಾಡಿ ನಿಂತದ್ದೇ ಹುಡುಗ ಇಳಿದು, ಆಟದ ಬೂಟಿನಲ್ಲೇ ಮನೆಯವರೆಗೆ ನಡೆದು ಬಂದ. ಅಂಗಾಲೆಲ್ಲ ಬೊಬ್ಬೆ. ಅವನ ಪಾದ ತೊಳೆಯುತ್ತ ತಾಯಿ ನೆಲ್ಡಾ ಗಂಡನಿಗೆ ಒಂದೇ ಮಾತು ಹೇಳಿದ್ದಳು: "ಇನ್ಮೇಲೆ ಆಟ ಮುಗಿದ್ಮೇಲೆ ಇವನಿಗೆ ನೀನು ಹೇಳೋದು 'ಚೆನ್ನಾಗಿ ಆಡ್ದೆ' ಅಂತ ಅಷ್ಟೇ. ಇನ್ನೊಂದು ಮಾತು ಬಂದ್ರೆ ನಾನು ನಮ್ಮಕ್ಕನ ಮನೇಗೆ ಹೋಗ್ತೀನಿ." ವರ್ಲನ್ ಆ ಮಾತನ್ನು ಉಳಿಸಿಕೊಂಡಿದ್ದ. ಕೋಚಾದ ಮೇಲೂ ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂರುವ ಹೊತ್ತಿಗೆ ಕ್ಲೇ ಫೋನು ಮಾಡುತ್ತಿದ್ದ.

"ಅಪ್ಪ, ನಿನ್ನೆ ಆಟ ಹೇಗನ್ನಿಸ್ತು?"

"ಚೆನ್ನಾಗಿ ಆಡಿಸ್ದೆ ಮಗಾ."

"ನಿಜ ಹೇಳಿ ಅಪ್ಪ."

"ನಿಜಾನೇ. ತಗೋ, ನಿಮ್ಮಮ್ಮ ಮಾತಾಡ್ತಾಳೆ."

ಆ ಊರಿನಲ್ಲಿ ಕೋಚಾದವನು ಸೋಮವಾರ ಸಂಜೆ ಆರಕ್ಕೆ ಮೀನಿನ ಹೋಟೆಲಿನಲ್ಲಿ ರೇಡಿಯೋದವರ ಮೈಕಿನ ಮುಂದೆ ಕೂರಬೇಕು, ಊರವರು ಫೋನು ಮಾಡಿ ಅವನನ್ನು ವಿಚಾರಿಸಿಕೊಳ್ಳಬೇಕು. ಗೆದ್ದ ವಾರ ಅದು ಸನ್ಮಾನ, ಸೋತ ವಾರ ಪಂಚಾಯಿತಿ ಕಟ್ಟೆ. ಒಂದು ಸೋಮವಾರ ವರ್ಲನ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬರುತ್ತೇನೆಂದು ಹೊರಟು, ಮುಚ್ಚಿದ ಹತ್ತಿ ಗಿರಣಿಯ ಹಿಂದೆ ಪಿಕಪ್ ನಿಲ್ಲಿಸಿದ. ದವಡೆಯಲ್ಲಿ ನಾಲ್ಕು ಕಡಲೆಕಾಯಿ ಒತ್ತಿಕೊಂಡು, ದನಿ ದಪ್ಪ ಮಾಡಿ, ರೇಡಿಯೋಗೆ ಫೋನು ಹಚ್ಚಿದ. ಹೆಸರು ಕೇಳಿದರೆ ಪಕ್ಕದ ಹಳ್ಳಿ ಡಿಯರ್ ಕ್ರೀಕಿನ ರಾಸ್ಕೋ ಅಂದ. ಎಪ್ಪತ್ತು ದಾಟಿದ ಮನುಷ್ಯ ಮಾಡುವ ಕೆಲಸವೇ ಅದು ಎಂದು ನೀವು ಕೇಳಬಹುದು. ಬೇರೆ ದಾರಿ ಕಾಣದವನು ಇನ್ನೇನು ಮಾಡಿಯಾನು?

"ಕೋಚ್, ಒಂದು ಗಜ. ಒಂದೇ ಒಂದು ಗಜ ಇತ್ತು. ನಮ್ಮಜ್ಜಿ ಎಡವಿ ಬಿದ್ರೂ ಒಂದು ಗಜ ಮುಂದಕ್ಕೆ ಬೀಳ್ತಾಳೆ. ನೀವು ಒದೆಸಿದ್ರಿ."

ಕ್ಲೇ, "ಸರ್, ನೀವಾಗಿದ್ರೆ ಏನು ಮಾಡ್ತಿದ್ರಿ?" ಅಂದ.

"ನುಗ್ಗಿಸ್ತಿದ್ದೆ."

"ಆಗ್ದೇ ಹೋಗಿದ್ರೆ?"

"ಸೋಲ್ತಿದ್ವಿ. ಗಂಡಸರ ಥರ ಸೋಲ್ತಿದ್ವಿ."

"ಈ ಮಾತು ಕೇಳ್ಕೊಂಡೇ ನಾನು ಬೆಳೆದೋನು ಸರ್," ಎಂದು ಕ್ಲೇ ನಕ್ಕ. "ಮುಂದಿನ ವಾರನೂ ಫೋನ್ ಮಾಡಿ."

ಗುರುತು ಸಿಕ್ಕಿತೇ? ಇಲ್ಲ, ಸಿಕ್ಕಿರಲಾರದು ಎಂದು ವರ್ಲನ್ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೂವತ್ತೆಂಟು ವರ್ಷ ಕೇಳಿದ ದನಿಯನ್ನು ನಾಲ್ಕು ಕಡಲೆಕಾಯಿ ಮರೆಮಾಚುತ್ತವೆಂದು ನಂಬಿದ ಅವನ ಮುಗ್ಧತನಕ್ಕೆ ಏನೆನ್ನಬೇಕೋ.

ಹೀಗೆ ಮೂರು ವರ್ಷ ನಡೆಯಿತು. ಭಾನುವಾರ ಅಪ್ಪ ಮಗನಿಗೆ ಸುಳ್ಳು ಹೇಳುತ್ತಿದ್ದ, ಸೋಮವಾರ ರಾಸ್ಕೋ ಕೋಚಿಗೆ ನಿಜ ಹೇಳುತ್ತಿದ್ದ. ಎಡಗಡೆಯ ಕಾವಲು ಸಡಿಲವಾಗಿದೆ ಎಂದು ರಾಸ್ಕೋ ಹೇಳಿದರೆ ಮುಂದಿನ ಶನಿವಾರ ಅಲ್ಲಿ ಬೇರೆ ಹುಡುಗ ನಿಂತಿರುತ್ತಿದ್ದ. ಅದನ್ನು ಕಂಡ ವರ್ಲನ್ ಮನೆಯವರೆಗೂ ಸಿಳ್ಳೆ ಹಾಕುತ್ತ ಬರುತ್ತಿದ್ದ. ಮಗನ ಜೊತೆ ಅಷ್ಟು ಹತ್ತಿರದಿಂದ ಅವನು ಬದುಕಿನಲ್ಲಿ ಎಂದೂ ಮಾತಾಡಿರಲಿಲ್ಲ.

ಮೂರನೆಯ ವರ್ಷ ಸೋಲುಗಳು ಹೆಚ್ಚಾದವು. ಕೊನೆಯ ಆಟ ಪಕ್ಕದ ಜಿಲ್ಲೆಯ ಕಾಲೇಜಿನ ಮೇಲೆ. ಅದನ್ನು ಗೆದ್ದರೆ ಕ್ಲೇಗೆ ಇನ್ನೊಂದು ವರ್ಷ, ಸೋತರೆ ಗಂಟುಮೂಟೆ ಎಂದು ಊರಿಗೆಲ್ಲ ಗೊತ್ತಿತ್ತು. ಶನಿವಾರ ಮಧ್ಯಾಹ್ನ, ಎರಡು ನಿಮಿಷ ಬಾಕಿ ಇರುವಾಗ ಲಾರ್ಕಿನ್ ನಾಲ್ಕು ಅಂಕ ಮುಂದಿತ್ತು. ಚೆಂಡು ಅಂಗಳದ ತಮ್ಮದೇ ಅರ್ಧದಲ್ಲಿ, ನಾಲ್ಕನೆಯ ಅವಕಾಶ, ಬೇಕಾದದ್ದು ಒಂದು ಗಜ. ಆ ಗಜ ಸಿಕ್ಕರೆ ಚೆಂಡು ತಮ್ಮಲ್ಲೇ ಉಳಿದು ಆಟ ಗೆದ್ದಂತೆ. ಒದೆಯುವ ಹುಡುಗ ಅಂಗಳಕ್ಕೆ ಓಡಿದ. ಕ್ಲೇ ಕೈಬೀಸಿ ಅವನನ್ನು ವಾಪಸು ಕರೆದ.

ಇಡೀ ಕ್ರೀಡಾಂಗಣ ಎದ್ದು ನಿಂತಿತು. ನಲವತ್ತು ವರ್ಷ ವರ್ಲನ್ ಕಾದಿದ್ದು ಆ ಕ್ಷಣಕ್ಕೇ. ಆದರೆ ಅವನ ಬಾಯಿಂದ ಬಂದದ್ದು ಬೇರೆಯೇ ಮಾತು.

"ಒದೆಸೋ ಮಗಾ," ಎಂದು ಗೊಣಗಿದ. "ದೇವರಾಣೆ, ಒದೆಸ್ಬಿಡೋ."

ಪಕ್ಕದಲ್ಲಿದ್ದ ನೆಲ್ಡಾ ತಿರುಗಿ ಅವನ ಮುಖ ನೋಡಿದಳು. ಅಷ್ಟರಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದಾಗಿತ್ತು. ಹತ್ತು ಗಜದ ಸರಪಳಿ ಹಿಡಿದು ಅಳೆದರು. ಒಂದು ಗೇಣು ಕಮ್ಮಿ. ಎದುರಾಳಿಗಳು ಅಲ್ಲಿಂದಲೇ ಹೊರಟು, ಕೊನೆಯ ಗಳಿಗೆಯಲ್ಲಿ ಆಟ ಗೆದ್ದುಕೊಂಡರು.

ಆ ಭಾನುವಾರ ಕ್ಲೇ ಫೋನು ಮಾಡಲಿಲ್ಲ.

ಸೋಮವಾರ ಗಿರಣಿಯ ಹಿಂದೆ ಕೂತು ವರ್ಲನ್ ರೇಡಿಯೋ ಕೇಳಿದ. ಒಬ್ಬೊಬ್ಬರಾಗಿ ಫೋನು ಮಾಡಿ ಕ್ಲೇಯ ಚರ್ಮ ಸುಲಿಯುತ್ತಿದ್ದರು. "ಯಾವ ತಲೆಕೆಟ್ಟೋನು ನಿಮಗೆ ಈ ಬುದ್ಧಿ ಹೇಳ್ಕೊಟ್ಟಿದ್ದು ಕೋಚ್?" ಎಂದು ಒಬ್ಬ ಕೇಳಿದ. "ಯಾರೂ ಇಲ್ಲ. ತೀರ್ಮಾನ ನಂದೇ," ಅಂದ ಕ್ಲೇ. ಅದನ್ನು ಕೇಳಿ ವರ್ಲನ್‌ನ ಕೈ ತಾನಾಗಿಯೇ ಫೋನಿಗೆ ಹೋಯಿತು. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ: ಬುದ್ಧಿ ಹೇಳಿಕೊಟ್ಟವನು ನಾನು, ಹೊತ್ತು ಬಂದಾಗ ಹೆದರಿದವನೂ ನಾನೇ. ಕಡಲೆಕಾಯಿಯ ನೆನಪೇ ಆಗಲಿಲ್ಲ.

"ಡಿಯರ್ ಕ್ರೀಕಿನ ರಾಸ್ಕೋ ಲೈನಲ್ಲಿದ್ದಾರೆ," ಎಂದರು ರೇಡಿಯೋದವರು.

"ಕೋಚ್," ಅಂದ ವರ್ಲನ್. ಜೋಡಿಸಿಕೊಂಡಿದ್ದ ಮಾತನ್ನು ಅಲ್ಲೇ ಬಿಟ್ಟ. "ನೀವು ಮಾಡಿದ್ದು ಸರಿ."

"ಸರ್, ಮೂರು ವರ್ಷದಲ್ಲಿ ನೀವು ಒಂದು ಸಲನೂ ನನಗೆ ಸರಿ ಅಂದಿಲ್ಲ."

"ಈಗ ಅಂತಿದ್ದೀನಿ."

"ಬೇಡ ಸರ್. ಸರಿ ಅನ್ನೋರು ನಮ್ಮನೇಲೇ ಇದ್ದಾರೆ. ನೀವೊಬ್ರು ನಿಜ ಹೇಳ್ತಿದ್ರಿ. ಅದಕ್ಕೇ ನಾನು ಸೋಮವಾರ ಕಾಯ್ತಿದ್ದೆ." ಅವನ ದನಿ ತಗ್ಗಿತು. "ಒಂದು ಕೇಳ್ತೀನಿ, ನಿಜ ಹೇಳಿ. ಶನಿವಾರ ಆ ಹೊತ್ತಲ್ಲಿ ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ?"

ವರ್ಲನ್ ಕಣ್ಣು ಮುಚ್ಚಿಕೊಂಡ. ಊರೆಲ್ಲ ಕೇಳುತ್ತಿತ್ತು. ಹೋಯ್ಟ್ ಕೇಳುತ್ತಿದ್ದ, ನಲವತ್ತು ವರ್ಷದ ಅವನ ಮಾತುಗಳೆಲ್ಲ ಕೇಳುತ್ತಿದ್ದವು.

"ನುಗ್ಗಿಸ್ತಿದ್ದೆ, ಕೋಚ್."

"ಥ್ಯಾಂಕ್ಯೂ ಸರ್," ಅಂದ ಕ್ಲೇ. ರೇಡಿಯೋದವರು ಮುಂದಿನ ಫೋನು ಎತ್ತಿಕೊಂಡರು.

ಮನೆಗೆ ಬಂದರೆ ನೆಲ್ಡಾ ಅಡುಗೆಮನೆಯ ರೇಡಿಯೋ ಆರಿಸಿ ಮೇಜಿನ ಮುಂದೆ ಕೂತಿದ್ದಳು. ಮೊದಲ ವರ್ಷದಿಂದಲೂ ಅವಳಿಗೆ ಎಲ್ಲ ಗೊತ್ತಿತ್ತು.

"ಶನಿವಾರ ನೀನು ಏನಂದೆ ಅಂತ ನನ್ನ ಕಿವೀಲಿ ಕೇಳಿದ್ದೀನಿ ವರ್ಲನ್."

"ನೀನೇ ಅಲ್ವೇನೆ, ಬೈಬೇಡ, ಚೆನ್ನಾಗಿತ್ತು ಅಂತ ಮಾತ್ರ ಹೇಳು ಅಂದಿದ್ದು."

"ಹದಿನಾರರ ಹುಡುಗನ್ನ ಬೈಬೇಡ ಅಂದಿದ್ದೆ. ನಲವತ್ತರ ಗಂಡಸಿಗೆ ಜೀವಮಾನವೆಲ್ಲ ಸುಳ್ಳು ಹೇಳು ಅಂದಿರ್ಲಿಲ್ಲ."

ವರ್ಲನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ. ಅಂಥ ಅಸಹಾಯಕತೆ ಅವನಿಗೆ ಹೊಸದು. ಬೈಯಲು ಯಾರೂ ಉಳಿದಿರಲಿಲ್ಲ.

ಮಂಗಳವಾರ ಕ್ಲೇಯನ್ನು ತೆಗೆದರು. ಬುಧವಾರ ಬೆಳಿಗ್ಗೆ ಹೋಟೆಲಿನಲ್ಲಿ ಗದ್ದಲ ಮತ್ತೆ ಶುರುವಾಗಿತ್ತು, ವರ್ಲನ್ ಒಳಗೆ ಬಂದರೂ ಅದು ನಿಲ್ಲಲಿಲ್ಲ. ಈಗ ಅವನು ಕೋಚಿನ ಅಪ್ಪನಲ್ಲವಲ್ಲ. ಹೋಯ್ಟ್ ಕುರ್ಚಿ ಎಳೆದುಕೊಟ್ಟು, "ಹೊಸಬ ಯಾರು ಬರ್ಬೇಕು ಅಂತೀಯ?" ಎಂದು ಕೇಳಿದ. ಮೂರು ವರ್ಷ ಹಂಬಲಿಸಿದ ಪ್ರಶ್ನೆ ಅದು. ವರ್ಲನ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಬಂದ.

ಕ್ರಿಸ್‌ಮಸ್ ಕಳೆದು ಕ್ಲೇ ಹೆಂಡತಿಯೊಂದಿಗೆ ಕ್ಯಾನ್ಸಸ್ಸಿನ ಒಂದು ಸಣ್ಣ ಕಾಲೇಜಿಗೆ ಕೋಚಾಗಿ ಹೋದ. ಅಲ್ಲಿಯ ಕೋಚಿಗೆ ಯಾರೂ ಫೋನು ಮಾಡಿ ಬೈಯುವುದಿಲ್ಲವಂತೆ. ಮುಂದಿನ ಸೆಪ್ಟೆಂಬರಿನಲ್ಲಿ ವರ್ಲನ್ ಅವನ ಮೊದಲ ಆಟವನ್ನು ಕಂಪ್ಯೂಟರಿನಲ್ಲಿ ನೋಡಿದ. ಒಂದು ಗಜ ಬಾಕಿಯಿದ್ದಾಗ ಕ್ಲೇ ಮೂರು ಸಲವೂ ಒದೆಸಿದ. ಭಾನುವಾರ ಫೋನು ಬಂದಾಗ ವರ್ಲನ್ ತಾನೇ ಎತ್ತಿಕೊಂಡ.

"ಅಮ್ಮನ ಮೊಣಕಾಲು ನೋವು ಹೇಗಿದೆ ಅಪ್ಪ?"

ಆಟ ಹೇಗನ್ನಿಸಿತೆಂದು ಅವನು ಕೇಳಲಿಲ್ಲ. ವರ್ಲನ್ ಕಾದು ನೋಡಿದ, ಮಗ ಕೇಳುವ ಹಾಗೆ ಕಾಣಲಿಲ್ಲ.

"ಕ್ಲೇ, ಅವತ್ತು ಲಾರ್ಕಿನ್ ಕೊನೇ ಆಟದಲ್ಲಿ, ಒಂದು ಗಜ ಬಾಕಿಯಿದ್ದಾಗ, ನಾನು ಮೇಲೆ ನಿಂತು ಒದೆಸು ಅಂತ ಬೇಡ್ಕೊಂಡೆ ಕಣೋ. ನಂಗೆ ಭಯ ಆಗಿತ್ತು. ರೇಡಿಯೋದಲ್ಲಿ ಸುಳ್ಳು ಹೇಳಿದೆ."

"ನಂಗೂ ಭಯ ಆಗಿತ್ತಪ್ಪ," ಅಂದ ಕ್ಲೇ. "ನಿಮ್ಮ ಮಗನಾಗಿ ನಾನೊಬ್ನೇ ಪುಕ್ಕಲ ಅಂದ್ಕೊಂಡು, ಅದನ್ನ ಮುಚ್ಕೊಳ್ಳೋಕೆ ನುಗ್ಗಿಸ್ದೆ. ಅವತ್ತು ಸೋಮವಾರ ನೀವು ಇದನ್ನ ಹೇಳಿದ್ದಿದ್ರೆ..." ಅಲ್ಲಿಗೇ ನಿಲ್ಲಿಸಿದ. ಆಮೇಲೆ ದನಿ ಎಂದಿನಂತಾಯಿತು. "ಇರ್ಲಿ ಬಿಡಿ. ಅಮ್ಮನಿಗೆ ಫೋನ್ ಕೊಡಿ."

ವರ್ಲನ್ ಫೋನನ್ನು ನೆಲ್ಡಾಳ ಕೈಗಿತ್ತು, ಅವಳು ಮಗನ ಹತ್ತಿರ ಮೊಣಕಾಲಿನ ವಿಷಯ ಹೇಳುವುದನ್ನು ಕೇಳುತ್ತ ಪಕ್ಕದಲ್ಲೇ ನಿಂತುಕೊಂಡ.