ರಾಕ್ ಬ್ಯಾಂಡಿನಾಗ ಆಲಾಪ

ಬರ್ರಿ, ಕಾಲು ಚಾಚಿ ಕೂಡ್ರಿ, ಹೇಳ್ತೇನಿ. ಸಪ್ತಾಪುರದಾಗ ನನ್ನ ಖಾನಾವಳಿಗೆ ಊಟಕ್ಕ ಬರೋ ಮೂವರು ಕಾಲೇಜು ಹುಡುಗರು ರಾಕ್ ಬ್ಯಾಂಡ್ ಕಟ್ಟಿದ್ರು. ಕಾಲೇಜಿನ ವರ್ಷದ ಜಲಸಾ, ಗ್ಯಾದರಿಂಗಿನಾಗ ಅವರಿಗೆ ಸಿಕ್ಕದ್ದು ಒಂದ ಹಾಡು. ಅದು ಕೆಟ್ಟರ ಮತ್ತ ಸ್ಟೇಜ್ ಇಲ್ಲಂತ ಪ್ರಿನ್ಸಿಪಾಲರ ಹುಕುಂ.

ಹಾಡೋ ವಸಂತ ಸಂಗೀತದ ಮನಿತನದಾವ. ಮೈಕ್ ಹಿಡದು, ಕಣ್ಣು ಮುಚ್ಚಿ, ಆಲಾಪ ಚಾಲೂ ಮಾಡಿದ! ಗಿಟಾರಿನ ಶಂಕ್ರ್ಯಾ ಕಾದ. ಡ್ರಮ್ಮಿನ ರಫೀಕ ಕೋಲು ಎತ್ತಿ ಕುಂತೇ ಇದ್ದ. ಪಡದೆ ಎಳಿಯಾವ ಹಗ್ಗಕ್ಕ ಕೈ ಹಾಕಿದ. ನಮ್ಮ ಹುಡುಗರ ಹಾಡು ಕೇಳಾಕ ನಾನೂ ಹೋಗಿದ್ದೆ; ತಡೀಲಿಲ್ಲ, ಹೆಂಗಸರ ನಡುವಿಂದ ಒದರಿದೆ:

"ಏ ರಫೀಕಾ, ಅಂವನ ರಾಗ ಮುಗಿಯೂದಲ್ಲ, ನೀ ಬಡಿಯೋ!"

"ಹೂನ್ರಿ ಅವ್ವಾ!"

ಬಡದ ಬಡತಕ್ಕ ವಸಂತ ಬೆಚ್ಚಿ ಸೀದಾ ಹಾಡಿಗೆ ಜಿಗಿದ. ಹುಡುಗರು ಎದ್ದು ಕುಣದ್ರು, ಸ್ಟೇಜ್ ಉಳೀತು.

ಶಂಕ್ರ್ಯಾ ವಕೀಲ ಆದ. ರಫೀಕ ಹಳೇ ಹುಬ್ಬಳ್ಳ್ಯಾಗ ವಾದ್ಯದ ಅಂಗಡಿ ಇಟ್ಟ. ವಸಂತ ರೇಲ್ವೆ ಸ್ಟೇಷನ್ನಿನಾಗ ಗಾಡಿ ಬಂತು ಅಂತ ಸಾರೋ ನೌಕರಿ ಹಿಡದ. ಎಷ್ಟು ಮಂದಿಗೆ ಗಾಡಿ ತಪ್ಪೇದೋ, ದೇವರಿಗೇ ಗೊತ್ತು.