ಒಲೆ ಇದ್ದ ಜಾಗ

ದೆವ್ವ ಭೂತಗಳನ್ನು ನಾನು ನಂಬಿದವನಲ್ಲ. ಚಿಂತೆ ಮಾಡಲು ನನಗೆ ಗ್ಯಾಸ್ ಒಲೆ, ಕಾರಿನ ಟಯರು, ಮಗಳ ಕೆಮ್ಮು ಇಷ್ಟೇ ಸಾಕಾಗಿದ್ದವು, ದೆವ್ವಕ್ಕೆಲ್ಲ ಪುರುಸೊತ್ತಿರಲಿಲ್ಲ. ಆದರೂ ಆ ಶನಿವಾರ ನಡೆದದ್ದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿಯ ಆಸುಪಾಸು. ನಾವು ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿದ್ದೆವು. ಮಕ್ಕಳಿಗೆ ಕನ್ನಡ ಕಲಿಸಲು ನಮಗೆ ಜಾಗ ಸಿಕ್ಕಿದ್ದು ಊರಾಚೆಯ ಹಳೆಯ ಮರದ ಶಾಲೆಯಲ್ಲಿ. ಬಿಳಿಯರ ಶಾಲೆಯ ಬಾಗಿಲು ಕಪ್ಪು ಮಕ್ಕಳಿಗೆ ಮುಚ್ಚಿದ್ದ ಕಾಲದಲ್ಲಿ, ಆ ಮಕ್ಕಳ ಅಪ್ಪ ಅಮ್ಮಂದಿರೇ ಹತ್ತಿ ಹೊಲದ ಕೆಲಸ ಮುಗಿಸಿ ಬಂದು, ಹಲಗೆ ಹೊತ್ತು, ಮೊಳೆ ಹೊಡೆದು ಕಟ್ಟಿದ್ದು. ಒಂದು ಕಿಟಕಿಯೂ ಸೊಟ್ಟಗಿರಲಿಲ್ಲ. ಅಲ್ಲೇ ಓದಿದ ಮಿಸ್ ರೂಬಿ ಎಂಬ ಅಜ್ಜಿ ಈಗ ಅದನ್ನು ನೋಡಿಕೊಳ್ಳುತ್ತಿದ್ದರು.

ಮೊದಲ ತರಗತಿಯ ದಿನ ಕೊರೆಯುವ ಗಾಳಿ. ಹೀಟರ್ ಕೆಟ್ಟಿದೆ ಎಂದು ಅಜ್ಜಿ ಹಿಂದಿನ ಸಂಜೆ ಬೀಗದ ಕೈ ಕೊಡುವಾಗಲೇ ಹೇಳಿದ್ದರು. ಮಕ್ಕಳು ನಡುಗಿಕೊಂಡು ಮನೆಗೆ ಹೋದರೆ ಮುಂದಿನ ವಾರ ಯಾರೂ ಕಳಿಸುವುದಿಲ್ಲ, ತರಗತಿ ಹುಟ್ಟುವ ಮೊದಲೇ ಮುಗಿಯಿತು ಎಂದು ನನಗೆ ನಿದ್ದೆಯಿಲ್ಲ. ಹತ್ತು ಗಂಟೆಯ ತರಗತಿಗೆ ಎಂಟಕ್ಕೇ ಹೊರಟೆ.

"ರೀ, ನಮ್ಮ ಮದುವೆಗೂ ಛತ್ರದವನಿಗಿಂತ ಮೊದಲೇ ಬಂದು ಕೂತಿದ್ದವರಲ್ವಾ ನೀವು!" ಎಂದಳು ಹೆಂಡತಿ.

ಬೀಗ ತೆಗೆದು ಒಳಗೆ ಹೋದರೆ ಕೋಣೆ ಬೆಚ್ಚಗಿತ್ತು. ಹೀಟರ್ ಮುಟ್ಟಿದೆ, ಮಂಜುಗಡ್ಡೆ. ಬಿಸಿಲೂ ಇರಲಿಲ್ಲ. ನೆಲದ ನಡುವೆ ಹಲಗೆಗಳ ಮೇಲೊಂದು ಕಪ್ಪು ಗುರುತು. ಅಲ್ಲಿ ಕೈಯಿಟ್ಟರೆ ಆಗಷ್ಟೇ ಯಾರೋ ಎದ್ದುಹೋದ ಹಾಸಿಗೆಯಂಥ ಬಿಸಿ. ಕೆಳಗೆ ಬೆಂಕಿಯೇನಾದರೂ ಬಿದ್ದಿದೆಯೋ ಎಂದು ಹೊರಗೆ ಓಡಿ ಬಗ್ಗಿ ನೋಡಿದೆ. ಕಟ್ಟಡ ಗಿಡ್ಡ ಕಂಬಗಳ ಮೇಲೆ ನಿಂತಿತ್ತು. ಅಡಿಯಲ್ಲಿ ಬರೀ ಚಳಿಗಾಳಿ. ಆದರೂ ಇರಲಿ ಎಂದು ಎರಡು ಬಕೆಟ್ ನೀರು ತಂದಿಟ್ಟುಕೊಂಡು ಕೂತೆ.

ಮಕ್ಕಳು ಬಂದರು. ಯಾರೂ ಹೇಳದೆಯೇ ಆ ಗುರುತಿನ ಸುತ್ತ ಕೂತು ಜಾಕೆಟ್ ಬಿಚ್ಚಿದರು. "ಅಂಕಲ್, ಇಟ್ಸ್ ಸೋ ವಾರ್ಮ್ ಹಿಯರ್!" ಎಂದಿತು ಒಂದು. ಸ್ವರಗಳು ಮುಗಿಯುವವರೆಗೂ ಒಬ್ಬರೂ ನಡುಗಲಿಲ್ಲ. ಮುಂದಿನ ವಾರ ಇಬ್ಬರು ಹೆಚ್ಚೇ ಬಂದರು. ರಿಪೇರಿಯವನು ಆಮೇಲೆ ನೋಡಿ, ಹೀಟರ್ ಆ ಶನಿವಾರಕ್ಕೂ ಎರಡು ದಿನ ಮೊದಲಿನಿಂದಲೇ ಉರಿದಿಲ್ಲ ಎಂದ. ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ.

ಅಂದು ತರಗತಿ ಮುಗಿಯುವ ಹೊತ್ತಿಗೆ ಬಂದ ಮಿಸ್ ರೂಬಿ ಬಕೆಟ್ ನೋಡಿ ನಕ್ಕರು. ಆ ಗುರುತು ಒಲೆ ಇದ್ದ ಜಾಗವಂತೆ. ಒಲೆ ಕಿತ್ತು ಎಷ್ಟೋ ವರ್ಷವಾಗಿತ್ತು.

"ನಮ್ಮಲ್ಲೊಂದು ಪದ್ಧತಿ ಇತ್ತು ಮಗೂ. ಮೊದಲು ಬಂದವರು ಒಲೆ ಹಚ್ಚಬೇಕು, ಪುಟ್ಟ ಮಕ್ಕಳು ಬರೋಷ್ಟರಲ್ಲಿ ಕೋಣೆ ಬೆಚ್ಚಗಿರಬೇಕು. ಇವತ್ತು ಯಾರು ಮೊದಲು ಬಂದಿದ್ದು?"

ಎಲ್ಲಿಗೆ ಹೋದರೂ ಎಲ್ಲರಿಗಿಂತ ಮೊದಲು ಹೋಗಿ ಕೂರುವವನು ನಾನು. "ನಾನೇ" ಎನ್ನಲು ಬಾಯಿ ತೆರೆದೆ. ಆದರೆ ನಾನು ಬೀಗ ತೆಗೆದಾಗಲೇ ಕೋಣೆ ಬೆಚ್ಚಗಿತ್ತಲ್ಲ.