ಆವಕ ನಂಬರು ಬೀಳದ ಪತ್ರ

ಅವರ ಎಡಗೈಯ ತೋರುಬೆರಳು ತುದಿಯಿಂದ ನಡುಗೆಣ್ಣಿನವರೆಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಸ್ಟಾಂಪ್ ಪ್ಯಾಡಿನ ಶಾಯಿ. ಸಹಿ ಬಾರದ ಮುದುಕರು ಅರ್ಜಿ ತಂದರೆ ಅವರ ಹೆಬ್ಬೆರಳನ್ನು ತಾವೇ ಹಿಡಿದು, ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಒಂದೇ ಒಂದು ಸಲ ಹೊರಳಿಸಿ ಬಿಡುತ್ತಿದ್ದರು. ಎರಡನೇ ಸಲ ಒತ್ತಿಸಿದ್ದನ್ನು ನಾನು ನೋಡಿಲ್ಲ. ಊಟಕ್ಕೆ ಮುಂಚೆ ಬಟ್ಟೆ ಸೋಪಿನಿಂದ ಎಷ್ಟು ಉಜ್ಜಿದರೂ ಆ ಬಣ್ಣ ಹೋಗುತ್ತಿರಲಿಲ್ಲ.

ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಮಟ್ಟದ ಕಚೇರಿಯಲ್ಲಿ ಅವರು ಟಪಾಲು ಗುಮಾಸ್ತರು. ಯಾವ ಕಚೇರಿ ಎಂದು ಬರೆಯುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಬಂದ ಪತ್ರವನ್ನೆಲ್ಲ ಆವಕ ಪುಸ್ತಕದಲ್ಲಿ ಬರೆದು ನಂಬರು ಹಾಕುವುದು, ಹೋಗುವ ಪತ್ರವನ್ನು ಜಾವಕ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ನಾನು ಗುತ್ತಿಗೆಯ ಮೇಲೆ ಸೇರಿದ ಕಂಪ್ಯೂಟರ್ ಆಪರೇಟರ್. ಪ್ರತಿ ಮಾರ್ಚ್ ತಿಂಗಳಲ್ಲಿ ನನ್ನನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಎಂಬ ಭಯ. ಕಚೇರಿಯವರೆಲ್ಲ ಅವರನ್ನು ಟಪಾಲು ಸಾರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಹೋಳೂರಿನಿಂದ ಬೆಳಗಿನ ಬಸ್ಸಿಗೆ ಹೊರಟು, ಬೀಗ ತೆಗೆಯುವವನಿಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಗಡಿ ಕಡೆಯ ಹಳ್ಳಿಗಳವರು ಬಂದರೆ "ರಾಪ್ಪಾ, ಕೂಚೋ" ಎಂದು ತೆಲುಗಿನಲ್ಲೇ ಕೂರಿಸಿ, ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳುವರು. ತಾನು ಹೇಳಿದ್ದೇ ಅದರಲ್ಲಿದೆ ಎಂದು ಅರ್ಜಿದಾರ ತಲೆಯಾಡಿಸಿದ ಮೇಲೇ ನಂಬರು. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಮಾಡಿಟ್ಟುಕೊಂಡ ಚೀಟಿಗಳ ಹಿಂಬದಿಗೆ ಆ ನಂಬರು ಬರೆದುಕೊಡುವರು.

"ಇದನ್ನ ಕಳೀಬೇಡ. ಕೆಲಸ ಆಗುತ್ತೋ ಇಲ್ವೋ ನಂಗೊತ್ತಿಲ್ಲ. ನೀನು ಬಂದು ಹೇಳಿದ್ದೆ ಅನ್ನೋದು ಮಾತ್ರ ಇಲ್ಲಿರುತ್ತೆ" ಎನ್ನುವರು.

ನಾನು ಸೇರಿದ ಹೊಸದರಲ್ಲಿ ಒಂದು ಅರ್ಜಿಯ ದಿನಾಂಕ ತಪ್ಪಾಗಿ ಟೈಪ್ ಮಾಡಿದ್ದೆ. ಬೈಯಲಿಲ್ಲ. ಅರ್ಜಿಯವಳು ಹೊರಗೆ ಬೇವಿನ ಮರದಡಿ ಕೂತಿದ್ದಳು, ಅವಳನ್ನು ತೋರಿಸಿ, "ಆಯಮ್ಮ ಬಸ್ ಚಾರ್ಜ್ ಹಾಕ್ಕೊಂಡು ಬಂದಿದ್ದು ಇವತ್ತು ಕಣಮ್ಮ, ನೆನ್ನೆ ಅಲ್ಲ" ಎಂದರು, ಅಷ್ಟೇ. ಆಮೇಲೆ ನಾನು ದಿನಾಂಕ ತಪ್ಪಲಿಲ್ಲ.

ಇ-ಮೇಲ್ ಬಂದ ಮೇಲೆ ಅವರಿಗೆ ಕಷ್ಟ ಶುರುವಾಯಿತು. ಹಿಂದೆ ಇದ್ದ ಯಾರೋ ಅಧಿಕಾರಿ ತೆರೆದುಹೋಗಿದ್ದ ಮೇಲ್ ಖಾತೆ ಅದು. ಪಾಸ್‌ವರ್ಡ್ ಬರೆದ ಚೀಟಿ ನನ್ನ ಮಾನಿಟರಿನ ಅಂಚಿಗೇ ಅಂಟಿಕೊಂಡಿತ್ತು, ಬಂದವರೆಲ್ಲ ನೋಡಬಹುದಿತ್ತು. ದೂರುಗಳನ್ನು ಇ-ಮೇಲ್ ಮಾಡಿ ಎಂದು ಕಚೇರಿಯ ಮುಂದೆ ಬೋರ್ಡು ಹಾಕಿದರು. ಟಪಾಲು ಸಾರ್ ದಿನಾ ನನ್ನ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಬಂದ ಮೇಲನ್ನೆಲ್ಲ ಓದಿಸಿಕೊಂಡು, ಪ್ರಿಂಟು ತೆಗೆಸಿ, ಕಾಗದದ ಪತ್ರದ ಹಾಗೆಯೇ ನಂಬರು ಹಾಕತೊಡಗಿದರು. ಇದು ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಹಿಡಿಸಲಿಲ್ಲ.

"ರೀ, ಮೇಲ್‌ನೆಲ್ಲ ಆವಕಕ್ಕೆ ಯಾಕ್ರೀ ಹತ್ತಿಸ್ತೀರಾ? ನಂಬರ್ ಬಿದ್ರೆ ಉತ್ತರ ಕೊಡ್ಬೇಕಾಗುತ್ತೆ. ಪ್ರಿಂಟರ್‌ಗೂ ಪೇಪರಿಲ್ಲ. ನಾಳೆಯಿಂದ ಬೇಡ."

"ಬಂದಿದ್ದನ್ನ ಬಂತು ಅಂತ ಬರೀಬೇಕಲ್ಲ ಸಾರ್?"

"ಬೇಡ ಅಂದೆ."

ಅವರು ತಲೆ ತಗ್ಗಿಸಿಕೊಂಡು ಬಂದರು. ಮೇಲಿನವರ ಮಾತಿಗೆ ಕಟ್ಟುಬಿದ್ದು ನಂಬರು ಹಾಕದೆ ಬಿಟ್ಟದ್ದು ತಮ್ಮ ಸರ್ವೀಸಿನಲ್ಲಿ ಅದೊಂದೇ ಸಲ ಎಂದು ಆಮೇಲೆ ಎಷ್ಟು ಬಾರಿ ಹೇಳಿದರೋ.

ಆ ದಿನಗಳಲ್ಲೇ ಯಲ್ದೂರು ಕಡೆಯ ಒಂದು ಹಳ್ಳಿಯಿಂದ ಮೇಲ್ ಬಂತು. ಊರಿಗೆ ನೀರು ಬಿಡುವ ನೀರುಗಂಟಿ ತನ್ನ ಮಗಳ ಕೈಲಿ ಬರೆಸಿದ್ದ. ನೀರಿನ ಟ್ಯಾಂಕಿನ ಮೇಲ್ಭಾಗದ ಅಂಚು ಬಿರುಕು ಬಿಟ್ಟಿದೆ, ಕಂಬಿ ಹೊರಗೆ ಬಂದಿದೆ, ಕೆಳಗೆ ನಲ್ಲಿ ಹತ್ತಿರ ಹೆಂಗಸರು ನಿಲ್ಲುತ್ತಾರೆ, ದಯವಿಟ್ಟು ಬೇಗ ನೋಡಿ ಎಂದಿತ್ತು. ಜೊತೆಗೆ ಮೂರು ಫೋಟೋ. ಟಪಾಲು ಸಾರ್ ಕನ್ನಡಕ ಏರಿಸಿ ಫೋಟೋಗಳನ್ನು ದೊಡ್ಡದು ಮಾಡಿಸಿ ನೋಡಿದರು. ಎದ್ದು ಹೋಗಿ ಇಂಜಿನಿಯರಿಗೆ ಬಾಯಲ್ಲಿ ಹೇಳಿ ಬಂದರು. ಪೇಪರು ಬಂದ ದಿನ ಮೊದಲು ಇದನ್ನೇ ಪ್ರಿಂಟು ತೆಗೆಯಬೇಕು ಎಂದು ನನಗೆ ಹೇಳಿದರು.

ಎರಡು ವಾರವಾಗಿರಬೇಕು. ನಿಮ್ಮ ಕಚೇರಿಗೆ ಕಳಿಸಿದ ಇ-ಮೇಲ್ ಎಲ್ಲ ವಾಪಸ್ ಬರುತ್ತಿದೆ ಎಂದು ಜಿಲ್ಲೆಯಿಂದ ಫೋನು ಬಂತು. ಮೇಲ್‌ಬಾಕ್ಸ್ ತುಂಬಿಹೋಗಿತ್ತು. ಆ ದಿನ ಟಪಾಲು ಸಾರ್ ಮತದಾರರ ಪಟ್ಟಿಯ ಕೆಲಸಕ್ಕೆ ಕೋಲಾರಕ್ಕೆ ಹೋಗಿದ್ದರು. ಸಾಹೇಬರು ನನ್ನ ಹಿಂದೆ ಬಂದು ನಿಂತರು.

"ಹಳೇದೆಲ್ಲ ತೆಗೆದುಹಾಕಮ್ಮ."

"ಟಪಾಲು ಸಾರ್ ಬರ್ಲಿ ಸಾರ್, ಕೇಳಿ ತೆಗೀತೀನಿ."

"ಅವ್ರು ಬಂದ್ರೆ ಪಟ್ಟಿ ಮಾಡು, ಆದೇಶ ಮಾಡು ಅಂತಾರೆ. ಇಲ್ಲಿ ಡಿಸಿ ಆಫೀಸಿನ ಮೀಟಿಂಗ್ ನೋಟೀಸ್ ಬರ್ತಾ ಇಲ್ಲ. ತೆಗಿ."

ತೆಗೆದೆ. ಎಲ್ಲವನ್ನೂ ಒಟ್ಟಿಗೆ ಗುರುತು ಮಾಡಿ ಅಳಿಸಿದೆ. ಜಾಗ ಆಗಲಿಲ್ಲ ಎಂದಾಗ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಮಾರನೆಯ ದಿನ ಸಾರ್ ಬಂದು ಖಾಲಿ ಪರದೆ ನೋಡಿದರು. "ಎಲ್ಲ?" ಎಂದರು. "ಎಲ್ಲ ಸಾರ್" ಎಂದೆ. ಸ್ಟೂಲನ್ನು ಗೋಡೆಗೆ ಸರಿಸಿಟ್ಟು ತಮ್ಮ ಮೇಜಿಗೆ ಹೋದರು. ಆ ಹಳ್ಳಿಗೆ ಒಂದು ಪೋಸ್ಟ್ ಕಾರ್ಡ್ ಬರೆದರು, ಮತ್ತೆ ಅರ್ಜಿ ಕೊಡಿ ಎಂದು. ಅದು ತಲುಪುವ ಮೊದಲೇ ಟ್ಯಾಂಕಿನ ಅಂಚಿನ ಒಂದು ತುಂಡು ಕಳಚಿ, ಕೆಳಗೆ ನೀರು ಹಿಡಿಯುತ್ತಿದ್ದ ಹೆಂಗಸಿನ ಮೇಲೆ ಬಿತ್ತು. ಅವಳ ಸೊಂಟ ಮುರಿಯಿತು. ಅವಳು ಮತ್ತೆ ನೆಟ್ಟಗೆ ನಡೆಯಲಿಲ್ಲ.

ವಿಚಾರಣೆ ಬಂತು. ಟ್ಯಾಂಕಿನ ಸ್ಥಿತಿಯನ್ನು ವರದಿ ಮಾಡಲಿಲ್ಲವೆಂದು ನೀರುಗಂಟಿಯ ಮೇಲೆ ಹೊರಿಸಿದರು. ಮೇಲ್ ಮಾಡಿದ್ದೆ ಎಂದು ಅವನು ಅಂಗಲಾಚಿದ. ಮಗಳ ಮೇಲ್ ಖಾತೆ ತೆಗೆಸಿ ನೋಡೋಣವೆಂದರೆ, ಅದನ್ನು ಮೊಬೈಲ್ ಅಂಗಡಿಯವನು ಸ್ಕಾಲರ್‌ಶಿಪ್ ಅರ್ಜಿಗೆಂದು ಮಾಡಿಕೊಟ್ಟಿದ್ದ. ಫೋಟೋ ತೆಗೆದು ಕಳಿಸಿದ್ದ ಫೋನು ಕೆಟ್ಟುಹೋಗಿತ್ತು, ಸಿಮ್ಮು ಬದಲಾಗಿತ್ತು, ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಟಪಾಲು ಸಾರ್ ರಜೆ ಹಾಕಿ ಆ ಹುಡುಗಿಯನ್ನು ಕರೆದುಕೊಂಡು ಶ್ರೀನಿವಾಸಪುರದ ಅಂಗಡಿ, ಕೋಲಾರದ ಜಿಲ್ಲಾ ಕಚೇರಿಯ ಕಂಪ್ಯೂಟರ್ ವಿಭಾಗ ಎಲ್ಲ ಸುತ್ತಿದರು. ಹೊಸ ನಂಬರಿಗೆ ಒಟಿಪಿ ಬರುವುದಿಲ್ಲ ಎಂದು ಎಲ್ಲರೂ ಒಂದೇ ಮಾತು ಹೇಳಿ ಕಳಿಸಿದರು.

ವಿಚಾರಣಾಧಿಕಾರಿಯ ಮುಂದೆ ಅವರು ತಾವಾಗಿಯೇ ಹೋಗಿ ನಿಂತರು. ಹೇಳಿಕೆ ಟೈಪ್ ಮಾಡಲು ನಾನು ಅಲ್ಲೇ ಕೂತಿದ್ದೆ.

"ಮೇಲ್ ಬಂದಿತ್ತು ಸಾರ್. ನಾನೇ ಓದಿದೀನಿ. ಮೂರು ಫೋಟೋ ಇತ್ತು."

"ಆವಕ ನಂಬರ್ ಎಷ್ಟು?"

"ಹಾಕಿಲ್ಲ ಸಾರ್. ಹಾಕಬೇಡಿ ಅಂದಿದ್ರು."

"ಯಾರು?"

ಅವರು ಹೆಸರು ಹೇಳಿದರು. ಆ ಸಾಹೇಬರಿಗೆ ಆಗಲೇ ವರ್ಗವಾಗಿತ್ತು. ಅಂಥ ಮಾತು ಆಡಿಯೇ ಇಲ್ಲವೆಂದು ಬರೆದುಕೊಟ್ಟಿದ್ದರು. ಇಂಜಿನಿಯರೂ ತಮಗೆ ಯಾರೂ ಏನೂ ಹೇಳಿಲ್ಲ ಎಂದಿದ್ದರು.

"ನಿಮ್ಮ ಜ್ಞಾಪಕಾನ ನಾನು ಫೈಲಲ್ಲಿ ಹೇಗ್ರೀ ಹಾಕ್ಲಿ? ಹೋಗ್ಲಿ, ಮೇಲ್ ಅಳಿಸಿದ್ದು ಯಾರು?"

ನನ್ನ ಕೈ ಕೀಬೋರ್ಡಿನ ಮೇಲೆ ನಿಂತುಹೋಯಿತು. ಟಪಾಲು ಸಾರ್ ನನ್ನ ಕಡೆ ತಿರುಗಲಿಲ್ಲ.

"ಪಾಸ್‌ವರ್ಡು ಎಲ್ರಿಗೂ ಗೊತ್ತಿತ್ತು ಸಾರ್. ಆದ್ರೆ ಬಂದ ಪತ್ರ ಕಾಯೋದು ಟಪಾಲಿನವನ ಕೆಲಸ. ನನ್ನ ತಪ್ಪು ಅಂತ ಬರ್ಕೊಳ್ಳಿ."

ಆ ವಾಕ್ಯವನ್ನು ಟೈಪ್ ಮಾಡಿದವಳು ನಾನೇ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವರ ಹಿಂದೆ ಓಡಿದೆ. "ಸಾರ್, ನಾಳೆ ಹೋಗಿ ನಿಜ ಹೇಳ್ತೀನಿ" ಎಂದೆ. ಅವರು ಬಸ್ಸಿನ ಬೋರ್ಡು ನೋಡುತ್ತಲೇ, "ಏನು ಹೇಳ್ತೀಯಾ? ಹೇಳಿದ್ರೆ ಆ ಮೇಲ್ ವಾಪಸ್ ಬರುತ್ತಾ? ಆ ನೀರುಗಂಟಿ ಕೆಲಸದ ಜೊತೆ ನಿಂದೂ ಹೋಗುತ್ತೆ. ಮನೆಗೆ ಹೋಗಮ್ಮ" ಎಂದರು. ನನಗೆ ಆಗ ಆದ ನಿರಾಳವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಾನು ಮನೆಗೆ ಹೋದೆ.

ನೀರುಗಂಟಿಯನ್ನು ಕೆಲಸದಿಂದ ತೆಗೆದರು. ಸಾರ್‌ಗೆ ನೋಟೀಸು ಬಂತು. ನಿವೃತ್ತಿಯ ದಿನ ಅವರಿಗೆ ಹಾರ ಹಾಕಲು ಹೊಸ ಸಾಹೇಬರು ಬರಲಿಲ್ಲ. ನಾವು ನಾಲ್ಕು ಜನ ಸೇರಿ ಕಾಫಿ ಕುಡಿದೆವು. ಆಮೇಲೂ ಅವರು ಆ ನೀರುಗಂಟಿಗಾಗಿ ಮೇಲ್ಮನವಿ ಬರೆಯುತ್ತಲೇ ಇದ್ದರು. ಕಚೇರಿಗೆ ತಾವೇ ತಂದು, ತಮ್ಮ ಜಾಗದಲ್ಲಿ ಕೂತ ಹೊಸ ಗುಮಾಸ್ತನ ಮುಂದೆ ಸಾಲಿನಲ್ಲಿ ನಿಂತು, ನಂಬರು ಹಾಕಿಸಿಕೊಂಡು ಹೋಗುವರು. ಒಂದಕ್ಕೂ ಉತ್ತರ ಹೋಗಲಿಲ್ಲ. ಫೈಲು ನನ್ನ ಕಣ್ಣ ಮುಂದೆಯೇ ಒಂದು ಮೇಜಿನಿಂದ ಇನ್ನೊಂದಕ್ಕೆ ಓಡಾಡುತ್ತಿತ್ತು. ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಹೋದ ವರ್ಷ ಮಾವಿನ ಹೂವಿನ ಕಾಲದಲ್ಲಿ ಅವರು ಹೋಗಿಬಿಟ್ಟರು. ಹೋಳೂರಿನ ಅವರ ಮನೆಯಂಗಳಕ್ಕೆ ನೀರುಗಂಟಿಯೂ ಬಂದಿದ್ದ. ಈಗ ಯಾರದೋ ತೋಪಿನಲ್ಲಿ ಕಾವಲು ಕೆಲಸ ಮಾಡುತ್ತಾನಂತೆ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತ.

"ನಮ್ಮಂಥೋರ ಮಾತನ್ನ ನಿಜ ಅಂತ ಬರ್ದುಕೊಟ್ಟಿದ್ದು ಅವ್ರೊಬ್ರೇ ಕಣಮ್ಮ" ಎಂದು ಟವೆಲಿನಿಂದ ಮುಖ ಒರೆಸಿಕೊಂಡ. "ಅದ್ಯಾರು ಅಳಿಸಿದ್ರೋ. ಎಷ್ಟು ಕೇಳಿದ್ರೂ ಅವ್ರು ಹೇಳ್ಲೇ ಇಲ್ಲ."

ಹೇಳಿಬಿಡೋಣವೆಂದು ಬಾಯಿ ತೆರೆದೆ. ಕಂಡಕ್ಟರ್ ಬಂದ. ನಮ್ಮಿಬ್ಬರಿಗೂ ನಾನೇ ಟಿಕೆಟ್ ತೆಗೆದುಕೊಂಡೆ. ಅವನು ಬೇಡವೆಂದರೂ ಕೇಳಲಿಲ್ಲ. ಇಳಿಯುವಾಗ ಅವನು ನನಗೆ ಕೈ ಮುಗಿದ.